ಶಕ್ತಿಯ ಅಳತೆಯೂ ರೈತನ ದೇಹವೂ

1. ಪೀಠಿಕೆ

ವ್ಯವಸಾಯಗಾರನು ಬೆಳಗಿನಿಂದ ಸಂಜೆಯವರೆಗೆ ನಾನಾ ವಿಧವಾದ ಶಕ್ತಿಗಳೊಡನೆ ವ್ಯವಹರಿಸುತ್ತಿರುವನು. ಉಂಡ ಮುದ್ದೆಯಲ್ಲಿ ಒಂದು ಶಕ್ತಿ, ನೆತ್ತಿಯ ಮೇಲಣ ಬಿಸಿಲಿನಲ್ಲಿ ಒಂದು ಶಕ್ತಿ, ಆಲೆಮನೆಯ ಕೊಪ್ಪರಿಗೆಯಲ್ಲಿ ಒಂದು ಶಕ್ತಿ, ಬಾವಿಯ ಪಂಪಿಗೆ ಬರುವ ತಂತಿಯಲ್ಲಿ ಮತ್ತೊಂದು ಶಕ್ತಿಯು ಅಡಗಿರುವುದು. ಇವುಗಳಲ್ಲಿ ಕೆಲವು ದೇಹವನ್ನು ಪೋಷಿಸುವುವು, ಕೆಲವು ಕ್ಷಣಮಾತ್ರದಲ್ಲಿ ಪ್ರಾಣವನ್ನೇ ತೆಗೆಯುವುವು. ಹೆಚ್ಚು ಶಕ್ತಿಯು ಹೆಚ್ಚು ಅಪಾಯಕರವೆಂದೂ, ಕಡಿಮೆ ಶಕ್ತಿಯು ನಿರಪಾಯವೆಂದೂ ಸಾಮಾನ್ಯವಾಗಿ ಭಾವಿಸುವುದುಂಟು. ಲೆಕ್ಕ ಹಾಕಿ ನೋಡಿದರೆ ಈ ಭಾವನೆಯು ಸರಿಯಲ್ಲವೆಂದು ತಿಳಿದುಬರುವುದು.

ಒಂದು ಉದಾಹರಣೆಯನ್ನು ನೋಡಬಹುದು. ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯನು ಹತ್ತು ಮೀಟರು ಎತ್ತರದ ತೆಂಗಿನ ಮರದಿಂದ ಬಿದ್ದರೆ ಅವನ ಪ್ರಾಣವು ಉಳಿಯುವುದೇ ಕಷ್ಟ. ಆ ಬೀಳುವಿಕೆಯಲ್ಲಿರುವ ಶಕ್ತಿಯಾದರೋ ಅರ್ಧ ಗ್ರಾಂ ರಾಗಿ ಹಿಟ್ಟಿನಲ್ಲಿರುವ ಶಕ್ತಿಗಿಂತಲೂ ಕಡಿಮೆ! ಅದೇ ಮನುಷ್ಯನು ಮಧ್ಯಾಹ್ನದ ಊಟದಲ್ಲಿ ಅದರ ಎಷ್ಟೋ ನೂರು ಪಟ್ಟು ಶಕ್ತಿಯನ್ನು ಸುಖವಾಗಿ ಜೀರ್ಣಿಸಿಕೊಳ್ಳುವನು. ಇದಕ್ಕೆ ಕಾರಣವೇನೆಂಬುದನ್ನೂ, ಅದನ್ನು ಅರಿತುಕೊಂಡು ರೈತರು ತಮ್ಮ ಶರೀರವನ್ನು ರಕ್ಷಿಸಿಕೊಳ್ಳುವ ಬಗೆಯನ್ನೂ ಈ ಕರಪತ್ರದಲ್ಲಿ ವಿವರಿಸಲಾಗಿದೆ.

2. ಶಕ್ತಿಯನ್ನು ಅಳೆಯುವ ಮಾನಗಳು

ಧಾನ್ಯವನ್ನು ಸೇರಿನಿಂದಲೂ ಹೊಲವನ್ನು ಗುಂಟೆಯಿಂದಲೂ ಅಳೆಯುವಂತೆ ಶಕ್ತಿಯನ್ನು ಅಳೆಯುವುದಕ್ಕೂ ಮಾನಗಳುಂಟು. ನೂರು ಗ್ರಾಂ ತೂಕದ ಒಂದು ಹಣ್ಣನ್ನು ನೆಲದಿಂದ ಒಂದು ಮೀಟರು ಮೇಲಕ್ಕೆತ್ತಲು ಬೇಕಾಗುವ ಶಕ್ತಿಯು ಸುಮಾರು ಒಂದು ಜೌಲ್. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವು ಒಂದು ಕಿಲೋಕ್ಯಾಲೊರಿ. ಒಂದು ಕಿಲೋಕ್ಯಾಲೊರಿಯು 4,184 ಜೌಲ್‌ಗಳಿಗೆ ಸಮ. ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ಟು 36 ಲಕ್ಷ ಜೌಲ್, ಎಂದರೆ ಸುಮಾರು 860 ಕಿಲೋಕ್ಯಾಲೊರಿ. ಒಂದು ಸೆಕೆಂಡಿಗೆ ಒಂದು ಜೌಲ್‌ನಂತೆ ಶಕ್ತಿಯು ವ್ಯಯವಾದರೆ ಅದಕ್ಕೆ ಒಂದು ವಾಟ್ ಎಂದು ಹೆಸರು.

ಕೆಲಸವೂ ಶಾಖವೂ ಒಂದೇ ಶಕ್ತಿಯ ಎರಡು ರೂಪಗಳೆಂಬುದನ್ನು 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಎಂಬ ವಿದ್ವಾಂಸನು ಪ್ರಯೋಗಗಳಿಂದ ತೋರಿಸಿಕೊಟ್ಟನು. ತೂಕದ ಗುಂಡುಗಳನ್ನು ಕೆಳಗಿಳಿಸಿ, ಅವುಗಳ ಭಾರದಿಂದ ನೀರಿನೊಳಗೆ ಹಲಗೆಯ ಚಕ್ರವನ್ನು ತಿರುಗಿಸಿ, ಆ ನೀರು ಎಷ್ಟು ಬಿಸಿಯಾಯಿತೆಂಬುದನ್ನು ಅವನು ಅಳೆದನು. ಇದಕ್ಕೂ ಮುಂಚೆ 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಎಂಬವರು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಒಂದು ಸಣ್ಣ ಪ್ರಾಣಿಯನ್ನಿಟ್ಟು, ಅದರ ಮೈಶಾಖದಿಂದ ಕರಗಿದ ನೀರನ್ನು ತೂಗಿದರು. ಪ್ರಾಣಿಯ ಉಸಿರಾಟವು ಒಂದು ವಿಧವಾದ ನಿಧಾನದ ದಹನವೆಂಬುದು ಹೀಗೆ ಸ್ಥಿರಪಟ್ಟಿತು. ಒಲೆಯಲ್ಲಿ ಸೌದೆ ಉರಿಯುವಂತೆಯೇ ದೇಹದಲ್ಲಿ ಆಹಾರವು ಉರಿಯುವುದು. ಆದರೆ ಜ್ವಾಲೆಯಿಲ್ಲದೆ, ಬಹು ಮೆಲ್ಲಗೆ ಉರಿಯುವುದು.

3. ಆಹಾರದಲ್ಲಿರುವ ಶಕ್ತಿ

ಪಿಷ್ಟ ಮತ್ತು ಸಕ್ಕರೆಗಳ ಒಂದು ಗ್ರಾಂನಿಂದ ಸುಮಾರು 4 ಕಿಲೋಕ್ಯಾಲೊರಿಯೂ, ಬೇಳೆಕಾಳುಗಳಲ್ಲಿ ಹೇರಳವಾಗಿರುವ ಪ್ರೋಟೀನಿನ ಒಂದು ಗ್ರಾಂನಿಂದ ಅಷ್ಟೇ ಶಕ್ತಿಯೂ, ಎಣ್ಣೆ ತುಪ್ಪಗಳ ಒಂದು ಗ್ರಾಂನಿಂದ 9 ಕಿಲೋಕ್ಯಾಲೊರಿಯೂ ದೊರೆಯುವುವು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೋಕ್ಯಾಲೊರಿ, ಎಂದರೆ 13 ಲಕ್ಷ ಜೌಲ್‌ಗೂ ಮಿಗಿಲಾದ ಶಕ್ತಿಯುಂಟು. ಭಾರತದ ಆಹಾರಪದಾರ್ಥಗಳ ಸತ್ತ್ವವನ್ನು ಅಳೆಯುವ ಕಾರ್ಯವು ಮೊದಲು ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯಲ್ಲಿ ನಡೆಯುತ್ತಿದ್ದು, ಆ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ವರ್ಗವಾಯಿತು. ಅದೇ ಈಗಿನ ರಾಷ್ಟ್ರೀಯ ಪೋಷಣ ಸಂಸ್ಥೆ. ಆ ಸಂಸ್ಥೆಯ 2020ರ ಶಿಫಾರಸಿನಂತೆ, 65 ಕಿಲೋಗ್ರಾಂ ತೂಕದ ಗಂಡಸು ಕುಳಿತು ಮಾಡುವ ಕೆಲಸದವನಾದರೆ ದಿನಕ್ಕೆ 2,110 ಕಿಲೋಕ್ಯಾಲೊರಿಯೂ, ಕಷ್ಟದ ದುಡಿಮೆಯವನಾದರೆ 3,470 ಕಿಲೋಕ್ಯಾಲೊರಿಯೂ ಬೇಕು. 55 ಕಿಲೋಗ್ರಾಂ ತೂಕದ ಹೆಂಗಸಿಗೆ ಇವು ಕ್ರಮವಾಗಿ 1,660 ಮತ್ತು 2,720 ಕಿಲೋಕ್ಯಾಲೊರಿ.

ಕಷ್ಟದ ದುಡಿಮೆಯವನ ಒಂದು ದಿನದ ಆಹಾರದ ಶಕ್ತಿಯನ್ನು ವಿದ್ಯುತ್ತಿನ ಲೆಕ್ಕಕ್ಕೆ ತಂದರೆ ಅದು ಸುಮಾರು ನಾಲ್ಕು ಯೂನಿಟ್ಟುಗಳಾಗುವುದು. ಇಷ್ಟು ಶಕ್ತಿಯು ದೇಹದೊಳಕ್ಕೆ ಹೋದರೂ ಅಪಾಯವಿಲ್ಲದಿರುವುದಕ್ಕೆ ಕಾರಣವೇನೆಂದರೆ, ಅದು ಒಂದೇ ಸಲಕ್ಕೆ ಹೊರಬೀಳುವುದಿಲ್ಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹಂಚಿಹೋಗಿ, ಕೋಟ್ಯಂತರ ಜೀವಕೋಶಗಳಲ್ಲಿ ಅಷ್ಟಷ್ಟಾಗಿ ಬಿಡುಗಡೆಯಾಗುವುದು. ಸರಾಸರಿಯಲ್ಲಿ ಇದು ಸೆಕೆಂಡಿಗೆ 170 ಜೌಲ್ ಮಾತ್ರ.

4. ದುಡಿಮೆಯ ಲೆಕ್ಕ

ಹದಿನೈದು ಕಿಲೋಗ್ರಾಂ ತೂಕದ ನೀರಿನ ಬಿಂದಿಗೆಯನ್ನು ಹತ್ತು ಮೀಟರು ಆಳದ ಬಾವಿಯಿಂದ ಸೇದಿದರೆ ಆಗುವ ಕೆಲಸವು ಸುಮಾರು 1,500 ಜೌಲ್. ದೇಹದ ಸ್ನಾಯುಗಳು ತಮಗೆ ದೊರೆತ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲುವು, ಉಳಿದುದೆಲ್ಲವೂ ಶಾಖವಾಗುವುದು. ಈ ಲೆಕ್ಕದಂತೆ ನೂರು ಗ್ರಾಂ ರಾಗಿಯಿಂದ ಸುಮಾರು ಇನ್ನೂರು ಬಿಂದಿಗೆ ನೀರನ್ನು ಸೇದುವಷ್ಟು ಶಕ್ತಿಯು ದೊರೆಯುವುದು.

ದೃಢಕಾಯನಾದವನು ದಿನದಲ್ಲಿ ಎಂಟು ಗಂಟೆಗಳ ಕಾಲ ಸತತವಾಗಿ ದುಡಿದರೆ ಸುಮಾರು 75 ವಾಟ್‌ನಂತೆ ಕೆಲಸ ಮಾಡಬಲ್ಲನು. ದಿನದ ಕೊನೆಗೆ ಅದು ಒಂದು ಯೂನಿಟ್ಟಿನ ಹತ್ತನೆಯ ಆರು ಭಾಗವಾಗುವುದು. ಎಂದರೆ ವಿದ್ಯುತ್ ಪಂಪು ಒಂದು ಯೂನಿಟ್ಟಿನಲ್ಲಿ ಬಳಸುವ ಶಕ್ತಿಯು ಒಬ್ಬ ಆಳಿನ ಒಂದೂವರೆ ದಿನಕ್ಕೂ ಮೀರಿದ ದುಡಿಮೆಗೆ ಸಮವೆಂದಾಯಿತು. ನೀರೆತ್ತುವ ಕೆಲಸದಲ್ಲಿ ಯಂತ್ರವು ಮನುಷ್ಯನಿಗೆ ಎಷ್ಟು ಉಪಕಾರಿಯೆಂಬುದು ಇದರಿಂದ ವಿಶದವಾಗುವುದು. ಅಂತಹ ಶಕ್ತಿಯನ್ನು ಅಲಕ್ಷ್ಯದಿಂದ ಮುಟ್ಟಲಾಗದೆಂಬುದೂ ಇದರಿಂದಲೇ ತಿಳಿಯತಕ್ಕದ್ದು.

5. ಬಿಸಿಲು ಮತ್ತು ಬೆವರು

ಹಾರೆ ಗುದ್ದಲಿಗಳ ಕೆಲಸದಲ್ಲಿ ದೇಹವು ಗಂಟೆಗೆ ಸುಮಾರು 350 ಕಿಲೋಕ್ಯಾಲೊರಿಯನ್ನು ವ್ಯಯಮಾಡುವುದು. ಇದರಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದುದು, ಎಂದರೆ 300 ಕಿಲೋಕ್ಯಾಲೊರಿಗೆ ಸಮೀಪವಾದುದು, ಶಾಖವಾಗಿಯೇ ಉಳಿಯುವುದು. ಅರುವತ್ತು ಕಿಲೋಗ್ರಾಂ ತೂಕದ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 50 ಕಿಲೋಕ್ಯಾಲೊರಿ ಸಾಕು. ಈ ಶಾಖವು ಹೊರಗೆ ಹೋಗದಿದ್ದ ಪಕ್ಷದಲ್ಲಿ ಒಂದೇ ಗಂಟೆಯೊಳಗೆ ಮೈಯ ಉಷ್ಣತೆಯು ಆರು ಡಿಗ್ರಿಯಷ್ಟು ಏರಿ ಮನುಷ್ಯನು ಸಾಯುವನು. ಇದಲ್ಲದೆ ಮಟಮಟ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಒಂದು ಚದರ ಮೀಟರು ಸ್ಥಳದಲ್ಲಿ ಸೆಕೆಂಡಿಗೆ ಸುಮಾರು ಸಾವಿರ ಜೌಲ್ ಶಕ್ತಿಯಿರುವುದು. ಅದರಲ್ಲಿ ಒಂದಂಶವು ದೇಹಕ್ಕೂ ಸೇರುವುದು.

ಈ ಆಪತ್ತಿನಿಂದ ಮನುಷ್ಯನನ್ನು ಕಾಪಾಡುವುದು ಬೆವರು. ಒಂದು ಲೀಟರು ಬೆವರು ಚರ್ಮದ ಮೇಲೆ ಆವಿಯಾಗಿ ಹೋದರೆ ಅದು ತನ್ನೊಡನೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುವುದು. ಆದಕಾರಣ ಮೇಲ್ಕಂಡ ದುಡಿಮೆಯ ಶಾಖವನ್ನು ಕಳೆಯಲು ಗಂಟೆಗೆ ಅರ್ಧ ಲೀಟರು ಬೆವರು ಆವಿಯಾಗಬೇಕು. ಬಿಸಿಲೂ ಸೇರಿದರೆ ಇನ್ನೂ ಹೆಚ್ಚು ಆಗಬೇಕು. ಆದರೆ ಆವಿಯಾಗದೆ ತೊಟ್ಟಿಕ್ಕಿ ಹೋದ ಬೆವರಿನಿಂದ ಪ್ರಯೋಜನವಿಲ್ಲ. ಗಾಳಿಯಲ್ಲಿ ತೇವವು ಹೆಚ್ಚಾಗಿರುವ ಕರಾವಳಿಯ ಗದ್ದೆಗಳಲ್ಲಿ ಬಿಸಿಲು ಅಷ್ಟಾಗಿ ಇಲ್ಲದಿದ್ದರೂ ಮೈ ಬೇಯುವಂತಾಗುವುದಕ್ಕೆ ಇದೇ ಕಾರಣ. ಔಷಧಿ ಸಿಂಪಡಿಸುವಾಗ ತೊಡುವ ಗಾಳಿಯಾಡದ ಕವಚದೊಳಗೂ ಹೀಗೆಯೇ ಆಗುವುದು. ಆದುದರಿಂದ ಅಂತಹ ಕೆಲಸವನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸತಕ್ಕದ್ದು.

ಬಾಯಾರಿಕೆಯಾಗುವವರೆಗೆ ಕಾಯದೆ ಆಗಾಗ್ಗೆ ಸ್ವಲ್ಪ ಸ್ವಲ್ಪವಾಗಿ ನೀರನ್ನು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ ಅಥವಾ ಗಂಜಿಯು ಹಿತಕರವಾದುದು. ಹೊಸದಾಗಿ ಬಿಸಿಲಿನ ಕೆಲಸಕ್ಕೆ ಬಂದವನ ದೇಹವು ಅದಕ್ಕೆ ಒಗ್ಗಿಕೊಳ್ಳಲು ಒಂದೆರಡು ವಾರಗಳು ಬೇಕು. ಮೊದಲ ದಿನವೇ ಅವನಿಂದ ಪೂರ್ತಿ ಕೆಲಸವನ್ನು ತೆಗೆಯಕೂಡದು. ದುಡಿಯುತ್ತಿರುವವನು ತೊದಲುತ್ತ, ತೂರಾಡುತ್ತ, ಸಂಬಂಧವಿಲ್ಲದ ಮಾತನಾಡುತ್ತ ಇದ್ದರೆ, ಅವನ ಮೈಯೊಳಗಿನ ಉಷ್ಣತೆಯು 40 ಡಿಗ್ರಿ ಮೀರಿರಬಹುದೆಂದು ಭಾವಿಸಿ ಕೂಡಲೆ ನೆರಳಿಗೆ ಒಯ್ದು, ಮೈಮೇಲೆಲ್ಲ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

6. ಕಾದ ನೀರು, ಹಬೆ ಮತ್ತು ಬೆಲ್ಲದ ಪಾಕ

ಶಾಖವು ಮೈಯೆಲ್ಲ ಹರಡಿಕೊಂಡರೆ ಸಹಿಸಬಹುದಾದಷ್ಟು ಶಕ್ತಿಯೇ ಅಂಗೈಯಗಲದ ಚರ್ಮದ ಮೇಲೆ ಬಿದ್ದರೆ ಸುಡುವುದು. 60 ಡಿಗ್ರಿಯಷ್ಟು ಕಾದ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು ಐದು ಸೆಕೆಂಡು ಸಾಕು. 70 ಡಿಗ್ರಿಯಾದರೆ ಒಂದು ಸೆಕೆಂಡು ಸಾಕು. ಮಕ್ಕಳ ಚರ್ಮವು ತೆಳುವಾದುದರಿಂದ ಅವರಿಗೆ ಇನ್ನೂ ಬೇಗ ಸುಡುವುದು. ಸ್ನಾನದ ಹಂಡೆಯ ಬಳಿ ಎಳೆಯ ಮಕ್ಕಳನ್ನು ಬಿಡಕೂಡದೆಂದು ಹಿರಿಯರು ಹೇಳುವುದು ಇದಕ್ಕಾಗಿಯೇ.

ಹಬೆಯು ಕುದಿಯುವ ನೀರಿಗಿಂತ ಬಲು ಕ್ರೂರವಾದುದು. ಒಂದು ಗ್ರಾಂ ಕುದಿನೀರು ಮೈಯ ಉಷ್ಣತೆಗೆ ಇಳಿಯುವಾಗ ಕೊಡುವ ಶಾಖದ ಒಂಬತ್ತು ಪಟ್ಟಿಗೂ ಹೆಚ್ಚು ಶಾಖವನ್ನು ಒಂದು ಗ್ರಾಂ ಹಬೆಯು ಚರ್ಮದ ಮೇಲೆ ನೀರಾಗುವಾಗ ಕೊಡುವುದು. ಬೆಲ್ಲದ ಪಾಕವು ಇಳಿಸುವ ವೇಳೆಗೆ 115 ಡಿಗ್ರಿಯನ್ನು ಮೀರಿ ಕಾದಿರುವುದಲ್ಲದೆ, ನೀರಿನಂತೆ ಜಾರಿಹೋಗದೆ ಚರ್ಮಕ್ಕೆ ಅಂಟಿಕೊಂಡು ತನ್ನ ಶಾಖವನ್ನೆಲ್ಲ ಅಲ್ಲಿಯೇ ಬಿಡುವುದು. ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕದಲ್ಲಿಯೇ ತಣ್ಣೀರಿನ ತೊಟ್ಟಿಯನ್ನು ತುಂಬಿಸಿಟ್ಟಿರತಕ್ಕದ್ದು. ಸುಟ್ಟ ಭಾಗವನ್ನು ಕೂಡಲೆ ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷಗಳ ಕಾಲ ಹಿಡಿಯಬೇಕು. ನೀರು ಒಳಗಿಳಿಯುತ್ತಿರುವ ಶಾಖವನ್ನು ಸೆಳೆದುಕೊಳ್ಳುವುದು. ಎಣ್ಣೆ, ತುಪ್ಪ, ಶಾಯಿ, ಸಗಣಿಗಳನ್ನು ಹಚ್ಚಿದರೆ ಶಾಖವು ಒಳಗೇ ನಿಲ್ಲುವುದಲ್ಲದೆ ಹುಣ್ಣು ಕೀವಾಗುವುದು.

7. ಬೀಳುವಿಕೆ ಮತ್ತು ಪೆಟ್ಟು

ಪೀಠಿಕೆಯಲ್ಲಿ ಹೇಳಿದ ತೆಂಗಿನ ಮರದ ವಿಷಯವನ್ನು ಈಗ ವಿಚಾರಿಸಬಹುದು. ಹತ್ತು ಮೀಟರು ಎತ್ತರದಿಂದ ಬಿದ್ದವನ ಶಕ್ತಿಯು ಸುಮಾರು 5,900 ಜೌಲ್, ಎಂದರೆ 1.4 ಕಿಲೋಕ್ಯಾಲೊರಿ. ನೆಲ ಮುಟ್ಟುವಾಗ ಅವನ ವೇಗವು ಗಂಟೆಗೆ ಐವತ್ತು ಕಿಲೋಮೀಟರಾಗಿರುವುದು. ಗಟ್ಟಿನೆಲದ ಮೇಲೆ ಅವನು ಹತ್ತು ಸೆಂಟಿಮೀಟರುಗಳ ಅಂತರದಲ್ಲಿ ನಿಂತುಬಿಟ್ಟರೆ ದೇಹದ ಮೇಲೆ ಬೀಳುವ ಒತ್ತಡವು ಸುಮಾರು ಆರು ಸಾವಿರ ಕಿಲೋಗ್ರಾಂ ಭಾರಕ್ಕೆ ಸಮ. ಅದೇ ಮನುಷ್ಯನು ಒಂದು ಮೀಟರು ಕುಸಿಯುವ ಹುಲ್ಲಿನ ರಾಶಿಯ ಮೇಲೆ ಬಿದ್ದರೆ ಒತ್ತಡವು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದು. ಶಕ್ತಿಯ ಮೊತ್ತವು ಒಂದೇ. ಅದು ವ್ಯಯವಾದ ಅಂತರವೂ ಕಾಲವೂ ಬೇರೆ. ಮರ ಹತ್ತುವವನು ಸೊಂಟದ ಹಗ್ಗವನ್ನು ಕಟ್ಟಿಕೊಳ್ಳುವುದು ಹೇಡಿತನವಲ್ಲ, ಲೆಕ್ಕ ಬಲ್ಲವನ ಲಕ್ಷಣ.

ವೇಗವು ಎರಡರಷ್ಟಾದರೆ ಶಕ್ತಿಯು ನಾಲ್ಕರಷ್ಟಾಗುವುದು. ಗಂಟೆಗೆ ಅರುವತ್ತು ಕಿಲೋಮೀಟರು ವೇಗದ ಮೋಟಾರು ಸೈಕಲ್ಲಿನಿಂದ ಎಸೆಯಲ್ಪಟ್ಟವನು ಹದಿನಾಲ್ಕು ಮೀಟರು ಎತ್ತರದಿಂದ ಬಿದ್ದವನಿಗೆ ಸಮಾನನು. ಟ್ರಾಕ್ಟರಿನ ಹಿಂಬದಿಯ ತಿರುಗುವ ದಂಡವು ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವುದು. ಸೆರಗಾಗಲಿ ಹೆಗಲ ವಸ್ತ್ರವಾಗಲಿ ಅದಕ್ಕೆ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿಗೂ ಹೆಚ್ಚು ಬಟ್ಟೆಯು ಸುತ್ತಿಕೊಳ್ಳುವುದು. ಕೂಗುವಷ್ಟರಲ್ಲಿಯೇ ಅನರ್ಥವಾಗಿರುವುದು. ಮುಚ್ಚಳವಿಲ್ಲದ ದಂಡವನ್ನು ತಿರುಗಿಸಕೂಡದು.

ಕುಡುಗೋಲಿನ ಏಟಿನಲ್ಲಿ ಶಕ್ತಿಯು ಅತ್ಯಲ್ಪ. ಆದರೆ ಅದೆಲ್ಲವೂ ಕೂದಲೆಳೆಯಷ್ಟು ತೆಳುವಾದ ಬಾಯಿಯಲ್ಲಿ ಕೂಡಿಕೊಳ್ಳುವುದರಿಂದ ಬೆರಳನ್ನು ಸೀಳುವುದು. ಇಲ್ಲಿ ಅಪಾಯಕ್ಕೆ ಕಾರಣವಾದುದು ಶಕ್ತಿಯು ಬಿದ್ದ ಸ್ಥಳದ ಕಿರಿದುತನ.

8. ವಿದ್ಯುತ್ತು

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ವಿದ್ಯುತ್ತು ಬಂದಿತು. ಈಗ ಅದು ಹೊಲದ ಬಾವಿಯವರೆಗೂ ಬಂದಿರುವುದು. ಎಲ್ಲ ಶಕ್ತಿಗಳಲ್ಲಿಯೂ ಅಳತೆಗೆ ಕಿರಿದಾಗಿ ಕೆಡುಕಿಗೆ ಹಿರಿದಾದುದು ಇದೇ.

ಒದ್ದೆಯಾದ ಕೈಕಾಲುಗಳ ಮನುಷ್ಯನು 230 ವೋಲ್ಟಿನ ತಂತಿಯನ್ನು ಮುಟ್ಟಿದರೆ ದೇಹದಲ್ಲಿ ಸುಮಾರು 230 ಮಿಲಿಆಂಪಿಯರ್ ಪ್ರವಾಹವು ಹರಿಯಬಹುದು. ಒಂದು ಸೆಕೆಂಡಿನಲ್ಲಿ ಇದರ ಶಕ್ತಿಯು 53 ಜೌಲ್ ಮಾತ್ರ. ಎರಡು ರಾಗಿ ಕಾಳುಗಳಲ್ಲಿರುವ ಶಕ್ತಿಯು ಇದಕ್ಕಿಂತ ಹೆಚ್ಚು. ಇಷ್ಟರಿಂದ ದೇಹವು ಬಿಸಿಯೂ ಆಗಲಾರದು. ಆದರೆ ಹೃದಯವು ತನ್ನದೇ ಆದ ಅತಿ ಸೂಕ್ಷ್ಮವಾದ ವಿದ್ಯುತ್ ಸಂಜ್ಞೆಯಿಂದ ಬಡಿಯುವುದು. ಹೊರಗಿನ ಪ್ರವಾಹವು ಆ ಸಂಜ್ಞೆಯನ್ನು ಕೆಡಿಸಿದರೆ, ಹೃದಯವು ಕ್ರಮದಿಂದ ಬಡಿಯುವುದನ್ನು ಬಿಟ್ಟು ಬರಿದೆ ನಡುಗತೊಡಗುವುದು, ರಕ್ತಸಂಚಾರವು ನಿಲ್ಲುವುದು. ಹತ್ತು ಮಿಲಿಆಂಪಿಯರಿನ ಸುಮಾರಿನಲ್ಲಿ ಸ್ನಾಯುಗಳು ಬಿಗಿದುಕೊಂಡು ಹಿಡಿದ ತಂತಿಯನ್ನು ಬಿಡಲಾಗದಂತಾಗುವುದು. ಐವತ್ತರಿಂದ ನೂರು ಮಿಲಿಆಂಪಿಯರ್ ಪ್ರವಾಹವು ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯವು ನಿಲ್ಲಬಹುದು. ವಿಚಿತ್ರವೇನೆಂದರೆ, ಹೀಗೆ ನಡುಗುವ ಹೃದಯವನ್ನು ಸರಿದಾರಿಗೆ ತರಲು ವೈದ್ಯರು ಎದೆಯ ಮೇಲೆ ಕೊಡುವುದೂ 150ರಿಂದ 200 ಜೌಲ್‌ಗಳ ವಿದ್ಯುತ್ತನ್ನೇ. ಕೆಲವೇ ಸಹಸ್ರಾಂಶ ಸೆಕೆಂಡುಗಳಲ್ಲಿ ಮುಗಿಯುವ ಆ ಪೆಟ್ಟು ಪ್ರಾಣವನ್ನು ಉಳಿಸುವುದು.

ಬೆಳೆ ಕಾಯುವ ಬೇಲಿಗೂ ಈ ವಿವೇಚನೆಯೇ ಆಧಾರ. ಶಾಸ್ತ್ರೋಕ್ತವಾದ ಬೇಲಿಯಂತ್ರವು ಸೆಕೆಂಡಿಗೊಮ್ಮೆ ಅಥವಾ ಇನ್ನೂ ನಿಧಾನವಾಗಿ, ಐದು ಜೌಲ್‌ಗೆ ಮೀರದ ಕ್ಷಣಿಕವಾದ ಪೆಟ್ಟನ್ನು ಕೊಡುವುದು. ಪೆಟ್ಟು ಪೆಟ್ಟಿಗೆ ನಡುವೆ ಬಿಡುವಿರುವುದರಿಂದ ಪ್ರಾಣಿಯು ಹೆದರಿ ಹಿಂದೆಗೆಯುವುದು, ಸಾಯುವುದಿಲ್ಲ. ಹಾಗಲ್ಲದೆ ಪಂಪಿನ ಲೈನಿನಿಂದ ನೇರವಾಗಿ ಬೇಲಿಗೆ ತಂತಿಯೆಳೆದರೆ ಪ್ರವಾಹಕ್ಕೆ ಬಿಡುವೇ ಇರುವುದಿಲ್ಲ. ಹಂದಿಗೆಂದು ಒಡ್ಡಿದ ತಂತಿಗೆ ಆನೆಯೂ, ನೆರೆಯ ಹೊಲದವನೂ, ಕತ್ತಲೆಯಲ್ಲಿ ನೀರು ಕಟ್ಟಲು ಹೋದ ಮನೆಯ ಮಗನೂ ಬಲಿಯಾಗುವ ಸಂಭವವುಂಟು. ಇದು ಕಾನೂನಿಗೆ ವಿರುದ್ಧವಾದುದು, ಎಂದಿಗೂ ಮಾಡಕೂಡದು.

ಮೂವತ್ತು ಮಿಲಿಆಂಪಿಯರ್ ಸೋರಿಕೆಯಾದೊಡನೆ ಪ್ರವಾಹವನ್ನು ತಾನೇ ಕಡಿಯುವ ಸಾಧನವನ್ನು ಮನೆಯಲ್ಲಿ ಹಾಕಿಸಬೇಕು. ಪಂಪಿನ ಮನೆಗೂ ತಕ್ಕ ಸೋರಿಕೆ ರಕ್ಷಣೆಯನ್ನೂ ಸರಿಯಾದ ಭೂಸಂಪರ್ಕವನ್ನೂ ಮಾಡಿಸಬೇಕು. ತಂತಿಗೆ ಸಿಕ್ಕಿದವನನ್ನು ಬರಿಗೈಯಿಂದ ಹಿಡಿಯದೆ ಮೊದಲು ಮೈನ್ ಸ್ವಿಚ್ಚನ್ನು ಆರಿಸಬೇಕು. ಅದಾಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ಬೇರ್ಪಡಿಸಬಹುದು. ದೊಡ್ಡ ಲೈನಿನ ತಂತಿ ಕಡಿದು ಬಿದ್ದಿದ್ದರೆ ಕೋಲೂ ಕಾಯಲಾರದು. ದೂರವೇ ನಿಂತು ವಿದ್ಯುತ್ ಕಚೇರಿಗೆ ತಿಳಿಸಬೇಕು. ಉಸಿರು ನಿಂತವನ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲದಂತೆ, ಐದಾರು ಸೆಂಟಿಮೀಟರು ತಗ್ಗುವಂತೆ, ವೈದ್ಯರು ಬರುವವರೆಗೂ ಒತ್ತುತ್ತಿರಬೇಕು.

9. ಸಿಡಿಲು

ಒಂದು ಸಿಡಿಲಿನಲ್ಲಿ ಸುಮಾರು ನೂರು ಕೋಟಿ ಜೌಲ್ ಶಕ್ತಿಯಿರುವುದೆಂದು ಲೆಕ್ಕ. ಇದು ವಿದ್ಯುತ್ತಿನ 280 ಯೂನಿಟ್ಟುಗಳಿಗೆ, ಅಥವಾ ಕಷ್ಟದ ದುಡಿಮೆಯವನ ಎರಡು ತಿಂಗಳಿಗೆ ಮೀರಿದ ಆಹಾರಕ್ಕೆ ಸಮ. ಇದರಲ್ಲಿ ಬಹುಭಾಗವು ಗಾಳಿಯಲ್ಲಿಯೇ ಬೆಳಕು, ಶಾಖ, ಗುಡುಗುಗಳಾಗಿ ಕಳೆದುಹೋಗುವುದು. ಉಳಿದ ಅಲ್ಪಾಂಶವೇ ಮನುಷ್ಯನನ್ನೂ ದನವನ್ನೂ ಕೊಲ್ಲಲು ಸಾಕು. ಒಂಟಿ ಮರಕ್ಕೆ ಬಡಿದ ಸಿಡಿಲು ನೆಲದಲ್ಲಿ ಹರಡುವಾಗ ಒಂದು ಕಾಲಿನಿಂದ ಹತ್ತಿ ಮತ್ತೊಂದು ಕಾಲಿನಿಂದ ಇಳಿಯುವುದು. ಎತ್ತು ಹಸುಗಳ ಮುಂಗಾಲು ಹಿಂಗಾಲುಗಳ ನಡುವಣ ಅಂತರವು ಹೆಚ್ಚಾದುದರಿಂದಲೂ, ಆ ದಾರಿಯು ಎದೆಯ ಮೂಲಕವೇ ಹೋಗುವುದರಿಂದಲೂ, ಮರದಡಿಯ ದನಗಳು ಒಟ್ಟಿಗೇ ಸಾಯುವುದುಂಟು. ಏಪ್ರಿಲ್ ಮೇ ತಿಂಗಳುಗಳ ಮುಂಗಾರು ಪೂರ್ವದ ಮಳೆಯಲ್ಲಿ ಗುಡುಗು ಕೇಳಿದೊಡನೆ ಕೆಲಸ ಬಿಟ್ಟು ಮನೆ ಸೇರಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಾದರೆ ಸಿಡಿಲು ಕೇವಲ ಒಂದು ಕಿಲೋಮೀಟರು ದೂರದಲ್ಲಿರುವುದು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅಂಜದೆ ಮುಟ್ಟಿ ಎದೆಯನ್ನು ಒತ್ತಬಹುದು.

10. ಸಾರಾಂಶ

ಮೇಲ್ಕಂಡ ವಿಷಯಗಳಿಂದ ತಿಳಿದುಬರುವುದೇನೆಂದರೆ, ಶಕ್ತಿಯು ದೇಹದಲ್ಲಿ ಮಾಡುವ ಪರಿಣಾಮವು ಅದರ ಮೊತ್ತವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಆದುದರಿಂದ ರೈತರು ಯಾವ ಶಕ್ತಿಯ ಬಳಿಗೆ ಹೋಗುವಾಗಲೂ ನಾಲ್ಕು ಅಂಶಗಳನ್ನು ವಿಚಾರಿಸತಕ್ಕದ್ದು.

(1) ಎಷ್ಟು ಶಕ್ತಿ? ಬಿಸಿಲಿನಲ್ಲಿ ದುಡಿಯುವವನಿಗೆ ಇದು ಮುಖ್ಯ. ಒಳಬಂದಷ್ಟು ಶಾಖವು ಹೊರಗೆ ಹೋಗಲೇಬೇಕು.

(2) ಎಷ್ಟು ಕಾಲದಲ್ಲಿ? ಊಟದ ಶಕ್ತಿಯು ದಿನದಲ್ಲಿ ಹಂಚಿಹೋಗುವುದು, ಬಿದ್ದವನ ಶಕ್ತಿಯು ಕ್ಷಣದಲ್ಲಿ ಮುಗಿಯುವುದು.

(3) ಎಷ್ಟು ಸ್ಥಳದ ಮೇಲೆ? ಪಾಕದ ಹನಿಯೂ ಕುಡುಗೋಲಿನ ಬಾಯಿಯೂ ಕಿರಿದಾದ ಸ್ಥಳದಲ್ಲಿ ಕೆಡುಕು ಮಾಡುವುವು.

(4) ಯಾವ ದಾರಿಯಲ್ಲಿ? ಎದೆಯ ಮೂಲಕ ಹರಿದ ವಿದ್ಯುತ್ತು ಎರಡು ರಾಗಿ ಕಾಳಿನ ಬೆಲೆಗೆ ಒಂದು ಜೀವವನ್ನು ತೆಗೆದುಕೊಳ್ಳುವುದು.

ಹೊಲಕ್ಕೆ ನೀರು ಕಟ್ಟುವವನು ಎಷ್ಟು ನೀರು, ಎಷ್ಟು ಹೊತ್ತು, ಎಷ್ಟು ಅಗಲಕ್ಕೆ, ಯಾವ ಕಾಲುವೆಯಲ್ಲಿ ಎಂಬುದನ್ನು ನೋಡಿಯೇ ಮಡೆಯನ್ನು ತೆಗೆಯುವನು. ಅದೇ ವಿವೇಕವನ್ನು ತನ್ನ ಶರೀರದ ವಿಷಯದಲ್ಲಿಯೂ ಇಟ್ಟುಕೊಂಡರೆ ಅನೇಕ ಅಪಮೃತ್ಯುಗಳು ತಪ್ಪುವುವು.